ಇನ್ನೂರು ರೂಪಾಯಿಯ ಕಾವೇರಿ: ಪದವಿ ತರಗತಿಯಲ್ಲಿ ಒಂದು ಪಾತ್ರದಾಟ

2024ರ ಫೆಬ್ರವರಿ. ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜು. ರಾಜ್ಯಶಾಸ್ತ್ರ ತರಗತಿಯ ಐದು ಮೇಜುಗಳ ಮೇಲೆ ಕಾಗದದ ಲೋಟಗಳು, ಲೋಟಗಳಲ್ಲಿ ಹುಣಿಸೆ ಬೀಜ. ಒಂದು ಬೀಜವೆಂದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು. ಆಟದ ಲೆಕ್ಕದಲ್ಲಿ ಆಗಸ್ಟ್ ತಿಂಗಳು ಬಂದಿತ್ತು. ತಮಿಳುನಾಡಿಗೆ ಕೊಡಬೇಕಾದದ್ದು 46 ಬೀಜ. ಮೊದಲನೇ ಮೇಜಿನವರು ಕನ್ನಂಬಾಡಿ, ಕಬಿನಿ ಎಂದು ಬರೆದ ಎರಡೂ ಲೋಟಗಳನ್ನು ಬೋರಲು ಹಾಕಿ ಎಣಿಸಿದರು, 30 ಇದ್ದವು. ಮತ್ತೊಮ್ಮೆ ಎಣಿಸಿದರು. ಆಮೇಲೆ ಮೂವತ್ತೂ ಬೀಜಗಳನ್ನು ಮಧ್ಯದಲ್ಲಿ ರಾಶಿ ಹಾಕಿಕೊಂಡು ಎರಡೂ ರಾಜ್ಯದ ‘ಮಂತ್ರಿಗಳು’ ನನ್ನ ಮುಖ ನೋಡಿದರು. ನಾನು ಕಿಟಕಿಯ ಆಚೆ ನೋಡಿದೆ. ಆ ಆಟವನ್ನು ಕಟ್ಟಲು ನಾನು ಪಟ್ಟ ಪಾಡಿನಲ್ಲಿ, ಆ ಕ್ಷಣ ಬಾಯಿ ಮುಚ್ಚಿಕೊಂಡಿರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಪಠ್ಯಕ್ರಮದಲ್ಲಿ ಕಾವೇರಿ ವಿವಾದ ಇರುವುದು ಕೇಂದ್ರ–ರಾಜ್ಯ ಸಂಬಂಧದ ಘಟಕದಲ್ಲಿ. ಸಂವಿಧಾನದ 262ನೇ ವಿಧಿ, 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ, 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿ, 2007ರ ಅಂತಿಮ ಐತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು. ಮೂರು ಗಂಟೆಯ ಪಾಠ. ಮಂಡ್ಯದ ಮಕ್ಕಳಿಗೆ ಕಾವೇರಿಯ ಪಾಠ ಮಾಡುವುದು ಬೆಸ್ತರ ಹುಡುಗನಿಗೆ ಈಜು ಕಲಿಸಿದಂತೆ ಎಂದುಕೊಂಡಿದ್ದೆ. ಉತ್ತರ ಪತ್ರಿಕೆ ನೋಡಿದಾಗ ತಿಳಿಯಿತು, ಅವರಿಗೆ ವಿವಾದದ ಸಿಟ್ಟು ಗೊತ್ತು, ಲೆಕ್ಕ ಗೊತ್ತಿಲ್ಲ. ನ್ಯಾಯಮಂಡಳಿ ಹಂಚಿದ್ದು ಒಟ್ಟು 740 ಟಿಎಂಸಿ ಎಂದು ಬರೆದವರಲ್ಲಿ ಹೆಚ್ಚಿನವರು ಒಂದು ಟಿಎಂಸಿ ಎಂದರೆ ಎಷ್ಟು ಎಂದು ಹೇಳಲಾರರು. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯುಸೆಕ್; ದಿನವಿಡೀ 11,574 ಕ್ಯುಸೆಕ್‌ನಂತೆ ಹರಿದರೆ ಒಂದು ಟಿಎಂಸಿ. ಈ ಒಂದು ಭಾಗಾಕಾರ ಗೊತ್ತಿಲ್ಲದೆ, ಪತ್ರಿಕೆಯಲ್ಲಿ ‘15 ದಿನ 5,000 ಕ್ಯುಸೆಕ್ ಬಿಡಲು ಆದೇಶ’ ಎಂದು ಓದಿದರೆ ಅದು ಬರೀ ಗುಡುಗಿನ ಸದ್ದು. ಲೆಕ್ಕ ಹಾಕಿದರೆ ಆರೂವರೆ ಟಿಎಂಸಿ ಆಗುತ್ತದೆ.

ಆಟದ ಮೂಲಕ ಕಲಿಸುವ ಯೋಚನೆ ನನ್ನದಲ್ಲ. ನ್ಯೂಯಾರ್ಕ್‌ನ ಬರ್ನಾರ್ಡ್ ಕಾಲೇಜಿನ ಇತಿಹಾಸ ಪ್ರಾಧ್ಯಾಪಕ ಮಾರ್ಕ್ ಕಾರ್ನ್ಸ್ 1990ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಐತಿಹಾಸಿಕ ಪಾತ್ರಗಳನ್ನು ಕೊಟ್ಟು ತರಗತಿಯನ್ನೇ ಅವರ ಕೈಗೆ ಬಿಡುವ ಕ್ರಮವನ್ನು ಆರಂಭಿಸಿದರು. ಆ ಸರಣಿಯಲ್ಲಿ 1945ರ ಶಿಮ್ಲಾ ಸಮ್ಮೇಳನದ ಆಟವೂ ಒಂದು. ಅಮೆರಿಕದ ಹುಡುಗ ಹುಡುಗಿಯರು ಕಾಂಗ್ರೆಸ್ಸಿನವರಾಗಿ, ಮುಸ್ಲಿಂ ಲೀಗಿನವರಾಗಿ ವಾದಿಸುತ್ತಾರೆ. ಓದಿದಾಗ ಹೊಟ್ಟೆಕಿಚ್ಚಾಯಿತು. ಆದರೆ ಆ ಆಟಗಳು ವಾರಗಟ್ಟಲೆ ನಡೆಯುತ್ತವೆ, ಕೈಗೆ ದಪ್ಪನೆಯ ಇಂಗ್ಲಿಷ್ ಓದು ಬೇಕು. ನನ್ನ ಬಳಿ ಇದ್ದದ್ದು 58 ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು, ಒಂದೊಂದು ಗಂಟೆಯ ಅವಧಿಗಳು, ಮತ್ತು ಸಂತೆಯ ದಿನ ಅರ್ಧಕ್ಕೆ ಇಳಿಯುವ ಹಾಜರಾತಿ.

ಮೊದಲ ಸಲ ಸೋತದ್ದು

2023ರ ಆರಂಭದಲ್ಲಿ ಮಾಡಿದ ಮೊದಲ ಆಟಕ್ಕೆ ಕೈಯಿಂದ 2,340 ರೂಪಾಯಿ ಹಾಕಿದೆ. ಕಾವೇರಿ ಕೊಳ್ಳದ ಫ್ಲೆಕ್ಸ್ ನಕ್ಷೆಗೆ 480, ಲ್ಯಾಮಿನೇಷನ್ ಮಾಡಿಸಿದ 36 ಕಾರ್ಡುಗಳಿಗೆ 1,260, ಗಾಜಿನ ಗೋಲಿ ಮತ್ತು ದಾಳಗಳಿಗೆ 600. ನೋಡಲು ಮದುವೆ ಮಂಟಪದಷ್ಟು ಚೆನ್ನಾಗಿತ್ತು. ಆಡಿದವರು ಎಂಟು ಜನ, ಉಳಿದವರು ಬೆಂಚು ಹತ್ತಿ ನೋಡಿದರು. ಅರ್ಧ ಗಂಟೆಯೊಳಗೆ ಕರ್ನಾಟಕದ ಪಾತ್ರಧಾರಿ ‘ಗೇಟ್ ಬಂದ್’ ಎಂದು ಘೋಷಿಸಿದ. ಎಲ್ಲರೂ ಶಿಳ್ಳೆ ಹೊಡೆದರು. ಆಟ ಮುಗಿಯಿತು.

ತಪ್ಪು ಅವನದಲ್ಲ. ಯಾರ ಬಳಿ ಹೆಚ್ಚು ನೀರು ಉಳಿಯುತ್ತದೆಯೋ ಅವರು ಗೆದ್ದಂತೆ ಎಂದು ನಿಯಮ ಬರೆದವನು ನಾನು. ಆ ನಿಯಮದಲ್ಲಿ ಮೇಲಿನ ದಂಡೆಯವನು ಸೋಲುವುದೇ ಇಲ್ಲ. ದಾಳ ಇನ್ನೊಂದು ಅಪದ್ಧ. ದಾಳಕ್ಕೆ ಮುಂಗಾರು ಗೊತ್ತಿಲ್ಲ. ಜುಲೈಯಲ್ಲಿ ಎರಡು ಬೀಳುತ್ತದೆ, ಅಕ್ಟೋಬರಿನಲ್ಲಿ ಹನ್ನೆರಡು. ನಾಲ್ಕು ಜಲಾಶಯಗಳಿಗೂ ಬೇರೆ ಬೇರೆ ಲೆಕ್ಕ ಇಟ್ಟಿದ್ದರಿಂದ ಪ್ರತಿ ಸರದಿಗೂ ಹತ್ತು ನಿಮಿಷ ಗೋಲಿ ಎಣಿಸುವುದೇ ಆಯಿತು.

ಗೇಟ್ ಮುಚ್ಚಿದರೆ ನ್ಯಾಯಾಂಗ ನಿಂದನೆ, ಆಟದಿಂದ ಹೊರಗೆ ಎಂದು ನಿಯಮ ಸೇರಿಸಿ ಇನ್ನೊಂದು ತರಗತಿಯಲ್ಲಿ ಪ್ರಯತ್ನಿಸಿದೆ. ಈಗ ಎಲ್ಲರೂ ಗುಮಾಸ್ತರಾದರು. ಆದೇಶ ಓದಿದರು, ಎಣಿಸಿ ಕೊಟ್ಟರು, ಆಕಳಿಸಿದರು. ನಡುವೆ ಟ್ವೈನ್ ಎಂಬ ಉಚಿತ ತಂತ್ರಾಂಶದಲ್ಲಿ ಕವಲೊಡೆಯುವ ಕಥೆಯಾಗಿಯೂ ಮಾಡಿ ನೋಡಿದೆ. ಕೋಡಿಂಗ್ ಬೇಕಿಲ್ಲ, ಕನ್ನಡ ಅಕ್ಷರ ಚೆನ್ನಾಗಿ ಮೂಡುತ್ತದೆ, ಮೊಬೈಲಿನಲ್ಲಿ ಓಡುತ್ತದೆ. ಮನೆಯಲ್ಲಿ ಒಬ್ಬರೇ ಕುಳಿತು ಕಲಿಯುವುದಕ್ಕೆ ಒಳ್ಳೆಯದು. ಜಗಳದ ಪಾಠಕ್ಕೆ ಎದುರಿಗೊಬ್ಬ ಮನುಷ್ಯ ಬೇಕು.

ಮನೆಯವರ ಎದುರು ನಿಲ್ಲುವುದು

ದಾರಿ ತೋರಿಸಿದ್ದು ನಾನೇ ಪಾಠ ಮಾಡುತ್ತಿದ್ದ ಒಂದು ಸಿದ್ಧಾಂತ. ಅಂತರರಾಷ್ಟ್ರೀಯ ಸಂಧಾನಗಳನ್ನು ಕುರಿತು ರಾಬರ್ಟ್ ಪಟ್ನಮ್ 1988ರಲ್ಲಿ ಹೇಳಿದ ‘ಎರಡು ಹಂತದ ಆಟ’. ಸಂಧಾನಕಾರ ಒಂದೇ ಸಮಯಕ್ಕೆ ಎರಡು ಮೇಜುಗಳಲ್ಲಿ ಆಡುತ್ತಿರುತ್ತಾನೆ: ಒಂದು ಎದುರಾಳಿಯ ಜೊತೆ, ಇನ್ನೊಂದು ತನ್ನ ಮನೆಯವರ ಜೊತೆ. ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆ, ನನ್ನ ಆಟದಲ್ಲಿ ಮನೆಯವರೇ ಇರಲಿಲ್ಲ.

ಹೊಸ ಆಟದಲ್ಲಿ ಮೇಜಿಗೆ ಹನ್ನೆರಡು ಪಾತ್ರ. ಕರ್ನಾಟಕದ ಕಡೆ ನಾಲ್ವರು: ಮಂತ್ರಿ, ಎಂಜಿನಿಯರ್, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತ, ಬೆಂಗಳೂರಿನ ಕುಡಿಯುವ ನೀರಿನ ಅಧಿಕಾರಿ. ತಮಿಳುನಾಡಿನ ಕಡೆ ನಾಲ್ವರು: ಮಂತ್ರಿ, ಎಂಜಿನಿಯರ್, ತಿರುವಾರೂರಿನ ರೈತ, ನಾಟಿ ಕೆಲಸದ ಕೂಲಿಯಾಳು ಹೆಂಗಸು. ಕೇರಳಕ್ಕೆ ಒಬ್ಬರು, ಪುದುಚೇರಿಗೆ ಒಬ್ಬರು, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ಹನ್ನೆರಡನೆಯವರು ನೀರುಗಂಟಿ. ಬೀಜ ಎಣಿಸುವುದು, ಲೆಕ್ಕ ಬರೆಯುವುದು, ತಕರಾರು ತೀರಿಸುವುದು ಆ ನೀರುಗಂಟಿಯ ಕೆಲಸ. ಐದು ಮೇಜುಗಳನ್ನು ಒಬ್ಬನೇ ಮೇಷ್ಟ್ರು ನೋಡಿಕೊಳ್ಳುವುದಕ್ಕೆ ಬೇರೆ ದಾರಿಯಿಲ್ಲ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ಸರದಿ. ಪ್ರತಿ ಸರದಿಯಲ್ಲೂ ಇಬ್ಬರು ಮಂತ್ರಿಗಳು ಎಂಟು ನಿಮಿಷ ಮಾತಾಡಿ ಎಷ್ಟು ಬೀಜ ಬಿಳಿಗುಂಡ್ಲು (ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಗಡಿಯ ಕೇಂದ್ರ) ಲೋಟಕ್ಕೆ ಹೋಗಬೇಕೆಂದು ತೀರ್ಮಾನಿಸುತ್ತಾರೆ. ಆಮೇಲೆ ಇಬ್ಬರೂ ತಮ್ಮ ತಮ್ಮ ಕಡೆಯವರತ್ತ ತಿರುಗಿ ಒಂದು ನಿಮಿಷ ಅದನ್ನು ಸಮರ್ಥಿಸಿಕೊಳ್ಳಬೇಕು. ಮನೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೈ ಎತ್ತಿ ಬೇಡವೆಂದರೆ ಮಂತ್ರಿ ಇಳಿಯುತ್ತಾನೆ, ಅವರಲ್ಲೇ ಒಬ್ಬರು ಮುಂದಿನ ತಿಂಗಳಿಗೆ ಮಂತ್ರಿ. ಇಷ್ಟೇ ಬದಲಾವಣೆ. ‘ಗೇಟ್ ಬಂದ್’ ಎನ್ನುವುದು ಈಗಲೂ ಸಾಧ್ಯ; ಆದರೆ ಮುಂದಿನ ತಿಂಗಳು ಪ್ರಾಧಿಕಾರದ ಆದೇಶ ಹೆಗಲೇರಿದಾಗ ಅದೇ ಮನೆಯವರು ಪ್ರಶ್ನೆ ಕೇಳುತ್ತಾರೆ.

ತಮಿಳುನಾಡಿನ ಬೇಡಿಕೆಯ ಅಂಕಿ ನನ್ನ ಕಲ್ಪನೆಯಲ್ಲ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿ, ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ ನೀರನ್ನು 192ರಿಂದ 177.25ಕ್ಕೆ ಇಳಿಸಿತು. ಅದರ ತಿಂಗಳವಾರು ಹಂಚಿಕೆ ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76, ಅಕ್ಟೋಬರ್ 20.22. ಹತ್ತಿರದ ಪೂರ್ಣಸಂಖ್ಯೆಗೆ ತಂದು 9, 31, 46, 37, 20 ಎಂದು ಮಾಡಿಕೊಂಡೆ, ಒಟ್ಟು 143. ಮಳೆಯ ಚೀಟಿಗಳು ಮಾತ್ರ ನನ್ನ ಕೈಯವು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಒಳಹರಿವು: 8, 40, 14, 16, 20. ಒಟ್ಟು 98, ಆಟದ ‘ಸಾಮಾನ್ಯ ವರ್ಷ’ದ 196ಕ್ಕೆ ಸರಿಯಾಗಿ ಅರ್ಧ. ಆರಂಭದ ದಾಸ್ತಾನು 30. ಅಂದರೆ ಇರುವುದೆಲ್ಲ ಸೇರಿ 128, ಕೇಳುವುದು 143, ಅದರ ಮೇಲೆ ಕರ್ನಾಟಕದ ನಾಲೆ ಮತ್ತು ಕುಡಿಯುವ ನೀರು ಬೇರೆ. ಸಂಕಷ್ಟದ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಬೇಕೆಂದು ನ್ಯಾಯಮಂಡಳಿ ಹೇಳಿದೆ. ಆದರೆ ಸಂಕಷ್ಟವನ್ನು ಅಳೆಯುವುದು ಹೇಗೆ ಎಂಬುದರ ಬಗ್ಗೆ ರಾಜ್ಯಗಳು ಇವತ್ತಿಗೂ ಒಪ್ಪಿಲ್ಲ. ಆ ಬಿರುಕಿನಲ್ಲಿ ಆಟವನ್ನು ಕೂರಿಸಿದೆ.

ಮಳೆಯನ್ನು ಐದೂ ಮೇಜುಗಳಿಗೆ ಒಟ್ಟಿಗೇ, ಮುಂದೆ ನಿಂತು, ತಂಬೋಲದ ಅಂಕಿ ಕೂಗಿದಂತೆ ಕೂಗುತ್ತೇನೆ. ಎಲ್ಲರಿಗೂ ಒಂದೇ ಮಳೆ. ಹಾಗಾಗಿ ಕೊನೆಗೆ ಮೇಜಿನಿಂದ ಮೇಜಿಗೆ ಕಾಣುವ ವ್ಯತ್ಯಾಸಕ್ಕೆ ಆಕಾಶವನ್ನು ಬೈಯುವಂತಿಲ್ಲ.

ಲೆಕ್ಕದ ಚೀಟಿ

ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಎರಡು ರೂಪಾಯಿ. ಪಾತ್ರದ ಚೀಟಿಗಳು ಪುಟಕ್ಕೆ ಎರಡರಂತೆ ಆರು ಪುಟ, ಐದು ಮೇಜಿಗೆ 60 ರೂಪಾಯಿ. ಇಬ್ಬರಿಗೆ ಒಂದರಂತೆ, ಎರಡೂ ಬದಿ ಮುದ್ರಿಸಿದ ಹಿನ್ನೆಲೆಯ ಹಾಳೆ, ಮೂರು ರೂಪಾಯಿಯಂತೆ ಮೂವತ್ತು: 90. ನೀರುಗಂಟಿಗಳ ಲೆಕ್ಕದ ಹಾಳೆ ಐದು: 10. ಐವತ್ತು ಕಾಗದದ ಲೋಟಗಳ ಪೊಟ್ಟಣ: 40. ಒಟ್ಟು 200. ಬೀಜ 640 ಬೇಕಿತ್ತು. ಫೆಬ್ರವರಿಯಲ್ಲಿ ನಮ್ಮ ಕಡೆ ಮನೆಮನೆಯ ಜಗಲಿಯಲ್ಲಿ ಹುಣಿಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿರುತ್ತಾರೆ. ಮೂವರು ಹುಡುಗಿಯರು ಮೂರು ಪಂಚೆ ಚೂರುಗಳಲ್ಲಿ ಗಂಟು ಕಟ್ಟಿ ತಂದರು. ಒಬ್ಬಳು ಅಜ್ಜಿಯ ಅಳಗುಳಿಮಣೆಯನ್ನೂ ಹೊತ್ತು ತಂದಿದ್ದಳು. ಎರಡು ಸಾಲು, ಸಾಲಿಗೆ ಏಳು ಗುಳಿ, ಜಲಾಶಯಗಳಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಕನ್ನಂಬಾಡಿಯ 49 ಟಿಎಂಸಿ ಆ ಗುಳಿಯಲ್ಲಿ ಹಿಡಿಯಲಿಲ್ಲ. ಲೋಟವೇ ಗತಿಯಾಯಿತು. ಹೇಮಾವತಿ, ಹಾರಂಗಿ ಎರಡರ ನೀರೂ ಕೊನೆಗೆ ಕನ್ನಂಬಾಡಿಗೇ ಬರುವುದರಿಂದ ಮೂರನ್ನೂ ಒಂದೇ ಲೋಟಕ್ಕೆ ಸೇರಿಸಿದೆ. ಕನ್ನಂಬಾಡಿ, ಕಬಿನಿ, ನಾಲೆ, ಕುಡಿಯುವ ನೀರು, ಬಿಳಿಗುಂಡ್ಲು, ತಮಿಳುನಾಡಿನ ಮೆಟ್ಟೂರು ಅಣೆಕಟ್ಟು: ಮೇಜಿಗೆ ಆರು ಲೋಟ.

ಈ ಲೆಕ್ಕದಲ್ಲಿ ಸೇರದ ಖರ್ಚೊಂದಿದೆ. ಹನ್ನೆರಡು ಚೀಟಿಗಳನ್ನು ಬರೆಯಲು ಐದು ಭಾನುವಾರ ಹಿಡಿಯಿತು. ಒಂದು ಚೀಟಿ ಹೀಗಿದೆ:

“ನೀವು ತಿರುವಾರೂರು ಜಿಲ್ಲೆಯಲ್ಲಿ ಕಾಲುವೆಯ ಕೊನೆಯ ಊರಿನವರು. ಮೂರು ಎಕರೆ ಗದ್ದೆ, ಅದರಲ್ಲಿ ಎರಡು ಗುತ್ತಿಗೆಗೆ ಹಿಡಿದದ್ದು. ಜೂನ್ 12ಕ್ಕೆ ಮೆಟ್ಟೂರು ತೆರೆದರೆ ಕುರುವೈ ಎಂಬ ಮೊದಲ ಭತ್ತದ ಬೆಳೆ, ಇಲ್ಲವಾದರೆ ಆಮೇಲಿನ ಸಾಂಬಾ ಬೆಳೆಗೆ ಕಾಯಬೇಕು. ನಿಮಗೆ ಬೇಕಾದದ್ದು: ಆಗಸ್ಟ್ ಮುಗಿಯುವುದರೊಳಗೆ ಮೆಟ್ಟೂರು ಲೋಟದಲ್ಲಿ 40 ಬೀಜ. ನೀವು ಬಾಯಿ ಬಿಟ್ಟು ಹೇಳಲಾಗದ್ದು: ಕಳೆದ ವರ್ಷ ಸಾಲ ಮಾಡಿ ಕೊಳವೆಬಾವಿ ಕೊರೆಸಿದಿರಿ, ನೀರು ಬಂದಿದೆ. ಅದು ಗೊತ್ತಾದರೆ ‘ನಿನಗೇನು ಕಷ್ಟ’ ಎನ್ನುತ್ತಾರೆ.”

ಮಂಡ್ಯದ ರೈತನ ಚೀಟಿಯಲ್ಲೂ ಅಂಥ ಒಂದು ಸಾಲಿದೆ: ಕಡಿಮೆ ನೀರಿನ ಅರೆ ಖುಷ್ಕಿ ಬೆಳೆ ಹಾಕಿ ಎಂದು ಇಲಾಖೆ ಹೇಳಿದ್ದರೂ ನೀವು ಭತ್ತದ ಸಸಿಮಡಿ ಮಾಡಿದ್ದೀರಿ. ಈ ‘ಹೇಳಲಾಗದ್ದು’ ಎಂಬ ಸಾಲಿಲ್ಲದೆ ಪಾತ್ರ ಬರೀ ಘೋಷಣೆಯಾಗುತ್ತದೆ. ಮೊದಲ ಆಟದ ತಮಿಳುನಾಡಿನ ಚೀಟಿಗಳಲ್ಲಿ ನಾನು ಬರೆದಿದ್ದದ್ದು ‘ನಿಮಗೆ ನೀರು ಬೇಕು’ ಎಂದಷ್ಟೇ. ನನಗೆ ಗೊತ್ತಿದ್ದದ್ದೂ ಅಷ್ಟೇ. ಮಂಡ್ಯದ ಚೀಟಿಗೆ ನಮ್ಮೂರಿನ ನೀರುಗಂಟಿಯನ್ನು ಕೇಳಿದರೆ ಸಾಕಾಯಿತು. ಕಟ್ಟು ನೀರಿನ ಸರದಿಯಲ್ಲಿ ರಾತ್ರಿ ಯಾರು ಯಾರ ತೂಬು ಎತ್ತುತ್ತಾರೆ ಎಂಬ ಪುರಾಣವನ್ನೇ ಬಿಚ್ಚಿದರು. ಆಚೆ ಕಡೆಯದನ್ನು ತಿಳಿಯಲು ತಿರುಚ್ಚಿಯಲ್ಲಿ ಪಾಠ ಮಾಡುವ ಗೆಳೆಯನ ಎರಡು ಸಂಜೆಗಳನ್ನು ಫೋನಿನಲ್ಲಿ ತಿಂದೆ. ಕಡಿಮೆ ಖರ್ಚಿನಲ್ಲಿ ಇಂಥ ಆಟ ಮಾಡುವುದು ಹೇಗೆಂದು ಕೇಳುವ ಸಹೋದ್ಯೋಗಿಗಳಿಗೆ ನಾನು ಲೋಟದ ಕಥೆ ಹೇಳುವುದಿಲ್ಲ, ಆ ಎರಡು ಸಂಜೆಗಳ ಕಥೆ ಹೇಳುತ್ತೇನೆ. ಕೊಳವೆಬಾವಿಯ ಸಾಲು ಬಂದದ್ದು ಅಲ್ಲಿಂದ.

ಆಡಿದ ದಿನ

ಮೊದಲ ದಿನ ಒಂದು ಗಂಟೆ ಹಿನ್ನೆಲೆ ಓದು ಮತ್ತು ಚೀಟಿ ಹಂಚಿಕೆ. ಮಡಿಸಿ ಪಿನ್ ಹೊಡೆದ ಚೀಟಿಗಳನ್ನು ಟೋಪಿಯಲ್ಲಿ ಹಾಕಿ ಎತ್ತಿಸಿದೆ. ನಾಲ್ಕನೇ ಮೇಜಿನ ಹುಡುಗನೊಬ್ಬ ತನಗೆ ಬಂದ ತಮಿಳುನಾಡಿನ ಚೀಟಿ ಬಿಚ್ಚಿ ನೋಡಿ, ಎದ್ದು ಬಂದು ನನ್ನ ಮೇಜಿನ ಮೇಲಿಟ್ಟ.

“ಸರ್, ಇದನ್ನು ನಾನು ಮಾಡುವುದಿಲ್ಲ. ಸೆಪ್ಟೆಂಬರಿನಲ್ಲಿ ನಮ್ಮ ಅಪ್ಪ ಹೆದ್ದಾರಿಯಲ್ಲಿ ಧರಣಿ ಕುಳಿತಿದ್ದರು.”

2023ರ ನೆನಪು ಇನ್ನೂ ಹಸಿಯಾಗಿತ್ತು. 1901ರಿಂದ ಈಚೆಗೆ ದೇಶದಲ್ಲೇ ಅತಿ ಕಡಿಮೆ ಮಳೆಯ ಆಗಸ್ಟ್ ಅದು. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಅವನ ಮನೆಯ ಗದ್ದೆಗೆ ಆ ವರ್ಷ ನಾಲೆ ನೀರು ಬಂದಿರಲಿಲ್ಲ. ‘ಇದು ಬರೀ ಆಟ ಕಣೋ’ ಎನ್ನುವ ಮಾತು ಗಂಟಲಿನವರೆಗೆ ಬಂದು ನಿಂತಿತು. ಅವನನ್ನು ಬಲವಂತ ಮಾಡಲಿಲ್ಲ. ನೀರುಗಂಟಿಯ ಚೀಟಿ ಬಂದವನ ಜೊತೆ ಬದಲಾಯಿಸಿಕೊಟ್ಟೆ. ಈಗ ಎದುರಾಳಿಯ ಪಾತ್ರವನ್ನು ಯಾರು ಬೇಕಾದರೂ ಕಾರಣ ಹೇಳದೆ ಹಿಂದಿರುಗಿಸಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ.

ಎರಡನೇ ದಿನ ಪಕ್ಕದ ತರಗತಿಯ ಅವಧಿಯನ್ನು ಸಾಲ ಪಡೆದು ಎರಡು ಗಂಟೆ ಆಡಿದೆವು. ಬಂದದ್ದು 52 ಜನ. ಅದಕ್ಕೇ ಚೀಟಿಗಳಿಗೆ ಸಂಖ್ಯೆ ಹಾಕಿದ್ದೆ. ಜನ ಕಡಿಮೆಯಾದರೆ ಮೊದಲು ಬಿಡುವುದು ಎಂಜಿನಿಯರುಗಳನ್ನು. (ನಿಜ ಜೀವನದಲ್ಲೂ ಹಾಗೇ ಆಗುತ್ತದೆ ಎಂದು ಒಬ್ಬಳು ಗೊಣಗಿದಳು.)

ಮೊದಲನೇ ಮೇಜು ಆದೇಶವನ್ನು ಚಾಚೂ ತಪ್ಪದೆ ಪಾಲಿಸಿತು. ಜೂನ್‌ನಲ್ಲಿ 9, ಜುಲೈಯಲ್ಲಿ 31 ಕೊಟ್ಟು, ನಾಲೆಗೂ ನೀರು ಬಿಟ್ಟು, ಆಗಸ್ಟ್‌ನಲ್ಲಿ ಆ ಮೂವತ್ತು ಬೀಜಗಳ ಮುಂದೆ ಕುಳಿತಿತು. ಎರಡನೆಯದರಲ್ಲಿ ಕರ್ನಾಟಕ ಮೂವರು ಮಂತ್ರಿಗಳನ್ನು ಕಂಡಿತು. ಮೂರನೆಯವಳು ಮೊದಲಿಬ್ಬರನ್ನು ಇಳಿಸಲು ಜೋರಾಗಿ ಕೂಗಿದ್ದ ನಾಲೆ ಕೊನೆಯ ರೈತನ ಪಾತ್ರಧಾರಿ. ಕುರ್ಚಿಗೆ ಬಂದ ಮೇಲೆ ತನಗಿಂತ ಮೊದಲಿನವನು ಒಪ್ಪಿದ್ದಕ್ಕಿಂತ ಒಂದು ಬೀಜ ಹೆಚ್ಚೇ ಕೊಟ್ಟು, ತನ್ನವರತ್ತ ತಿರುಗಿ ಮಾತು ಹೊರಡದೆ ನಕ್ಕುಬಿಟ್ಟಳು. ಐದನೇ ಮೇಜು ಆಗಸ್ಟ್‌ನಲ್ಲೇ ಮುರಿದು ಬಿತ್ತು.

ಮೂರನೇ ಮೇಜಿನಲ್ಲಿ ನಾನು ಎಣಿಸದಿದ್ದದ್ದು ನಡೆಯಿತು. ಹಿಂದಿನ ಆಟದಲ್ಲಿ ಕೇರಳ ಮತ್ತು ಪುದುಚೇರಿಯವರು ಬೇಸರದಿಂದ ಮೊಬೈಲ್ ನೋಡುತ್ತಿದ್ದರು. 30 ಮತ್ತು 7 ಟಿಎಂಸಿಯ ಪಾಲುದಾರರಿಗೆ ಕೆಲಸವೇನು? ಕಬಿನಿ ಹುಟ್ಟುವುದು ವಯನಾಡಿನಲ್ಲಿ; ಅಲ್ಲಿ ಮೋಡ ಕಟ್ಟಿದರೆ ಇಲ್ಲಿ ಅಣೆಕಟ್ಟು ತುಂಬುತ್ತದೆ. ಹಾಗಾಗಿ ಈ ಸಲ ಕೇರಳದವರು ಮುಂದೆ ಬಂದು ಮುಂದಿನ ತಿಂಗಳ ಮಳೆ ಚೀಟಿಯನ್ನು ಮೊದಲೇ ನೋಡಬಹುದು ಎಂದು ನಿಯಮ ಮಾಡಿದ್ದೆ. ಸುದ್ದಿಯನ್ನು ಮಾರುತ್ತಾರೋ ಮುಚ್ಚಿಡುತ್ತಾರೋ ಅವರಿಗೆ ಬಿಟ್ಟದ್ದು. ಮೂರನೇ ಮೇಜಿನ ಕೇರಳದವನು ಜುಲೈಯಲ್ಲೇ ಇಬ್ಬರೂ ಮಂತ್ರಿಗಳನ್ನು ಒಟ್ಟಿಗೆ ಕರೆದು “ಆಗಸ್ಟ್‌ನಲ್ಲಿ ಏನೂ ಇಲ್ಲ” ಎಂದು ಪಿಸುಗುಟ್ಟಿದ. ಇಬ್ಬರೂ ಜುಲೈಯ 40ರಲ್ಲಿ ಆಗಸ್ಟ್‌ಗೆಂದು ಒಂದಿಷ್ಟು ಎತ್ತಿಟ್ಟರು. ಕೊನೆಗೆ ಆ ಮೇಜಿನಿಂದ ಬಿಳಿಗುಂಡ್ಲು ದಾಟಿದ್ದು 74 ಬೀಜ. ಅರ್ಧ ಮಳೆಯ ವರ್ಷದಲ್ಲಿ 143ರ ಅರ್ಧ ಪಾಲು ಎಂದರೆ 71 ಅಥವಾ 72. ಅವರು ಸೂತ್ರ ಹಾಕಿ ಲೆಕ್ಕ ಮಾಡಿರಲಿಲ್ಲ, ಜಗಳವಾಡುತ್ತಲೇ ಅಲ್ಲಿಗೆ ಬಂದಿದ್ದರು. ಆರಂಭದ 30 ಬೀಜದ ದಾಸ್ತಾನು ಹಂಚಿಕೆಗೆ ಸೇರುತ್ತದೆಯೇ ಇಲ್ಲವೇ ಎಂಬುದಕ್ಕೇ ಆ ಮೇಜಿನಲ್ಲಿ ಒಂದಿಡೀ ಸರದಿ ಹೋಗಿತ್ತು.

ಮದ್ದೂರು ಕಡೆಯ ಒಬ್ಬಳಿಗೆ ತಿರುವಾರೂರಿನ ಚೀಟಿ ಬಂದಿತ್ತು. ಎರಡು ಸರದಿ ಸುಮ್ಮನಿದ್ದಳು. ಮೂರನೆಯದರಲ್ಲಿ ತನ್ನದೇ ಮಂತ್ರಿಯನ್ನು ಕೇಳಿದಳು: “ಸಸಿಮಡಿ ಒಣಗಿದರೆ ಬಿತ್ತನೆ ಬೀಜದ ದುಡ್ಡನ್ನು ನೀವು ಕೊಡುತ್ತೀರೋ, ಕರ್ನಾಟಕದವರು ಕೊಡುತ್ತಾರೋ? ಯಾರೂ ಕೊಡುವುದಿಲ್ಲ ಅಂದರೆ ನಾನು ಯಾರ ಪರ ಕೈ ಎತ್ತಬೇಕು?” ಅದು ಚೀಟಿಯಲ್ಲಿ ಇರಲಿಲ್ಲ. ಕೊಳವೆಬಾವಿಯ ವಿಷಯವನ್ನು ಮಾತ್ರ ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಆಮೇಲೆ

ಮೂರನೇ ದಿನ ಒಂದು ಗಂಟೆ ಬರೀ ಮಾತು. ಗೆದ್ದವರು ಯಾರೆಂದು ಹೇಳಲಿಲ್ಲ. ಆಂತರಿಕ ಅಂಕವನ್ನು ಆಟದ ಫಲಿತಾಂಶಕ್ಕೆ ಕೊಡುವುದಿಲ್ಲ. ಅರ್ಧ ಪುಟ ಪಾತ್ರವಾಗಿ, ಅರ್ಧ ಪುಟ ತಾವಾಗಿ ಬರೆಯುವ ಬರಹಕ್ಕೆ ಕೊಡುತ್ತೇನೆ. ನೀರುಗಂಟಿಯಾಗಿದ್ದ ನಾಲ್ಕನೇ ಮೇಜಿನ ಹುಡುಗ ಎರಡೇ ಸಾಲು ಬರೆದಿದ್ದ: “ಎರಡೂ ಕಡೆಯವರು ನನ್ನ ಕಣ್ಣು ತಪ್ಪಿಸಿ ಬೀಜ ಕದಿಯಲು ನೋಡಿದರು. ನಮ್ಮ ಕಡೆಯವರು ಒಂದು ಸಲ ಹೆಚ್ಚು.” 2003ರಲ್ಲಿ ಎರಡೂ ರಾಜ್ಯಗಳ ರೈತರು ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಮುಂದಾಳತ್ವದಲ್ಲಿ ‘ಕಾವೇರಿ ಕುಟುಂಬ’ ಎಂಬ ಹೆಸರಿನಲ್ಲಿ ನಿಜವಾಗಿಯೂ ಒಟ್ಟಿಗೆ ಕುಳಿತಿದ್ದರು, ಪರಸ್ಪರರ ಗದ್ದೆಗಳನ್ನು ನೋಡಿ ಬಂದಿದ್ದರು ಎಂದು ಹೇಳಿದಾಗ ಯಾರೂ ನಂಬಲಿಲ್ಲ.

ಒಬ್ಬ ಪೋಷಕರು ಫೋನ್ ಮಾಡಿ “ನಮ್ಮ ನೀರನ್ನು ಆಟಕ್ಕೆ ಇಟ್ಟಿದ್ದೀರಂತೆ” ಎಂದರು. ಅರ್ಧ ಗಂಟೆ ವಿವರಿಸಿದೆ. ಒಪ್ಪಿದರೋ ಸುಸ್ತಾದರೋ ಗೊತ್ತಿಲ್ಲ. ಪ್ರಾಂಶುಪಾಲರು ಬೇರೇನೂ ಹೇಳದೆ ದಾಖಲೆಯಲ್ಲಿ ‘ಕಾವೇರಿ ಆಟ’ ಎಂಬುದನ್ನು ‘ಅಂತರರಾಜ್ಯ ನದಿ ನೀರು: ತರಗತಿ ಚಟುವಟಿಕೆ’ ಎಂದು ತಿದ್ದಿಸಿದರು. ಅವರು ಮಾಡಿದ್ದು ಸರಿ.

ಸೋಲುಗಳೂ ಇವೆ. ಎರಡು ಮೇಜುಗಳಲ್ಲಿ ಹುಡುಗಿಯರು ಮನೆಯವರಾಗಿ ಕೈ ಎತ್ತಿದ್ದೇ ಬಂತು, ಮಂತ್ರಿಯಾಗಲು ಮುಂದೆ ಬರಲಿಲ್ಲ. ಮುಂದಿನ ಸಲ ಎರಡನೇ ಮಂತ್ರಿ ಯಾರೆಂಬುದನ್ನೂ ಚೀಟಿಯೇ ಹೇಳಬೇಕು. ಪುದುಚೇರಿಗೆ ಇನ್ನೂ ಕೆಲಸ ಹುಡುಕಿಕೊಡಲಾಗಿಲ್ಲ. ಕಾರೈಕಾಲ್ ಇರುವುದು ಕಾವೇರಿಯ ಕಟ್ಟಕಡೆಯ ಬಾಲದಲ್ಲಿ, ಅದರಿಂದ ಏನಾದರೂ ಹೊಳೆಯಬಹುದು ಎಂದು ಕಾಯುತ್ತಿದ್ದೇನೆ.

ಮಾತೆಲ್ಲ ಮುಗಿದು ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಾಗ ಮದ್ದೂರಿನ ಆ ಹುಡುಗಿಯೇ ಬಂದು ನಿಂತಳು.

“ಸರ್, ಶಿಂಷಾ ನೀರು ಎಲ್ಲಿ ಹೋಯಿತು?”

“ಯಾವ ಶಿಂಷಾ?”

“ನಮ್ಮ ಹೊಳೆ. ಅದು ಕನ್ನಂಬಾಡಿಗೆ ಬರುವುದಿಲ್ಲ, ಕೆಳಗೆ ಹೋಗಿ ಕಾವೇರಿಗೆ ಸೇರುತ್ತದೆ. ಮಳೆ ಬಂದರೆ ಅದೂ ಬಿಳಿಗುಂಡ್ಲು ದಾಟುತ್ತದಲ್ಲ? ಅದನ್ನು ಯಾರ ಲೆಕ್ಕಕ್ಕೆ ಹಾಕಿದ್ದೀರಿ?”

ಯಾರ ಲೆಕ್ಕಕ್ಕೂ ಹಾಕಿರಲಿಲ್ಲ. ಅಣೆಕಟ್ಟಿಗೂ ಅಳತೆ ಕೇಂದ್ರಕ್ಕೂ ನಡುವೆ ಶಿಂಷಾ, ಅರ್ಕಾವತಿ ಎರಡೂ ಸೇರುತ್ತವೆ, ಕನ್ನಂಬಾಡಿ, ಕಬಿನಿಯ ಗೇಟುಗಳ ಹಂಗಿಲ್ಲದೆ. ಪೊಟ್ಟಣದಲ್ಲಿ ಇಪ್ಪತ್ತು ಲೋಟ ಉಳಿದಿದ್ದವು. ಐದನ್ನು ಎತ್ತಿ ಅವಳ ಕೈಗೆ ಕೊಟ್ಟು, ಹೆಸರು ಬರೆಯಲು ಪೆನ್ನು ಕೊಟ್ಟೆ.